ಪಾದ್ರಿಯಿಲ್ಲದ ಊರಿನ ದೀಕ್ಷಾಸ್ನಾನ

1614ರಲ್ಲಿ ಜಪಾನಿನ ಟೊಕುಗಾವಾ ಆಡಳಿತ ಕ್ರೈಸ್ತ ಧರ್ಮವನ್ನು ದೇಶಾದ್ಯಂತ ನಿಷೇಧಿಸಿತು. ಕೆಲವೇ ದಶಕಗಳಲ್ಲಿ ಪಾದ್ರಿಗಳೇ ಉಳಿಯಲಿಲ್ಲ. ಪಾದ್ರಿಯಿಲ್ಲದೆ ಬಲಿಪೂಜೆಯಿಲ್ಲ, ಪರಮಪ್ರಸಾದವಿಲ್ಲ, ಪಾಪನಿವೇದನೆಯೂ ಇಲ್ಲ.

ಆದರೆ ತುರ್ತಿನಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದೆಂದು ಕಥೋಲಿಕ ಧರ್ಮಸಭೆ ಒಪ್ಪುತ್ತದೆ. ನಾಗಸಾಕಿ ಬಳಿಯ ಉರಾಕಾಮಿಯ ರೈತರು ಬಿಡದೆ ಹಿಡಿದುಕೊಂಡದ್ದು ಅದನ್ನೇ. ಒಬ್ಬ ಹಬ್ಬ-ಉಪವಾಸಗಳ ಪಂಚಾಂಗ ಕಾಯುತ್ತಿದ್ದ. ಇನ್ನೊಬ್ಬ ಅದನ್ನು ಮನೆಮನೆಗೆ ತಿಳಿಸುತ್ತಿದ್ದ. ಮತ್ತೊಬ್ಬ ಕೂಸುಗಳ ತಲೆಗೆ ನೀರೆರೆಯುತ್ತಿದ್ದ. ಪಾಪನಿವೇದನೆಯ ಜಾಗದಲ್ಲಿ ಪಶ್ಚಾತ್ತಾಪದ ಪ್ರಾರ್ಥನೆಯೊಂದು ತಲೆಮಾರುಗಳನ್ನು ದಾಟಿ ಬಂತು. ಇಷ್ಟು ದೀರ್ಘ ಕಾಲ ಇದನ್ನು ಇಡೀ ಊರು ಸೇರಿ ಹೊತ್ತದ್ದು ನಿಜಕ್ಕೂ ಬೆರಗಿನ ಸಂಗತಿ.

1865ರ ಮಾರ್ಚ್ 17ರಂದು ಅವರಲ್ಲಿ ಕೆಲವರು ನಾಗಸಾಕಿಯ ಓಉರಾ ಚರ್ಚಿಗೆ ಬಂದು, ಫ್ರೆಂಚ್ ಪಾದ್ರಿ ಪೆತಿಜಾನರಿಗೆ ತಮ್ಮ ಗುಟ್ಟು ಹೇಳಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು.

ನಿಷೇಧ ಇನ್ನೂ ಜಾರಿಯಲ್ಲಿತ್ತು. ಮುಂದೆ ಉರಾಕಾಮಿಯ ಸಾವಿರಾರು ಮಂದಿ ಗಡೀಪಾರಾದರು. ಅವರಿಗೆ ಬಿಡುಗಡೆ ಸಿಕ್ಕಿದ್ದು 1873ರಲ್ಲಿ.