ಐವತ್ತೈದು ಇಂಚಿನಲ್ಲಿ ಕನ್ನಡಕ್ಕೆಷ್ಟು ಜಾಗ?

ದಸರಾ, ದೀಪಾವಳಿ ಹತ್ತಿರ ಬಂತೆಂದರೆ ನನ್ನನ್ನು ಕೇಳುವವರು ಇದ್ದೇ ಇರುತ್ತಾರೆ, "ಏನ್ರೀ, ನಲವತ್ಮೂರು ಇಂಚಿನ ಟೀವಿ ಸಾಕಾ, ಐವತ್ತೈದು ಬೇಕಾ?" ಬ್ಯಾಂಕಿನವನಿಗೆ ಇಎಂಐ ಗೊತ್ತಿರುವುದರಿಂದ ಟೀವಿಯೂ ಗೊತ್ತಿರಬೇಕು ಅನ್ನುವುದು ಅವರ ಲೆಕ್ಕ. ಇಂಚಿನ ಪ್ರಶ್ನೆಗೆ ಉತ್ತರ ಸುಲಭ, ಮುಂದೆ ಹೇಳುತ್ತೇನೆ. ಆದರೆ ನಮ್ಮ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಕಡೆಯ ಕನ್ನಡಿಗರ ಮಟ್ಟಿಗೆ ಇನ್ನೊಂದು ಪ್ರಶ್ನೆಯೂ ಇದೆ. ಈ ಊರಿಗೆ ಟೀವಿ ಬಂದದ್ದು 1972ರಲ್ಲಿ. ದಿನವಿಡೀ ಕನ್ನಡ ಮಾತಾಡುವ ಖಾಸಗಿ ಚಾನೆಲ್ ಹುಟ್ಟಿದ್ದು 1994ರಲ್ಲಿ. ನಡುವಿನ ಇಪ್ಪತ್ತೆರಡು ವರ್ಷ ನಮ್ಮವರು ಏನು ನೋಡಿದರು? ಆಮೇಲಾದರೂ ಕನ್ನಡ ಸುಲಭವಾಗಿ ಸಿಕ್ಕಿತೇ? ಮನೆಯಲ್ಲಿ ಯಾವ ಭಾಷೆಯ ಟೀವಿ ಓಡಬೇಕು ಅಂತ ತೀರ್ಮಾನಿಸಿದವರು ಯಾರು? ಇದು ಆ ಕತೆ.

ಭಾರತದಲ್ಲಿ ಟೀವಿ ಪ್ರಯೋಗಾರ್ಥವಾಗಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ. ಮುಂಬಯಿಗೆ ಬಂದದ್ದು 1972ರ ಅಕ್ಟೋಬರ್ 2ಕ್ಕೆ. ಆಗ ಅದು ಆಕಾಶವಾಣಿಯ ಒಂದು ಅಂಗ. ದೂರದರ್ಶನ ಅಂತ ಬೇರೆ ಸಂಸಾರ ಹೂಡಿದ್ದು 1976ರ ಏಪ್ರಿಲ್ 1ರಂದು. ಪ್ರಸಾರ ಕೇಂದ್ರ ಇದ್ದದ್ದು ವರಳಿಯಲ್ಲಿ. ಡೊಂಬಿವಲಿ, ಕಲ್ಯಾಣ್ ಅಲ್ಲಿಂದ ದೂರ. ಹಾಗಾಗಿ ನಮ್ಮ ಕಡೆಯ ಗಚ್ಚಿಗಳ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾಗಳು ಎತ್ತರದ ಕಂಬ ಏರಿ ನಿಂತವು, ಜೊತೆಗೊಂದು ಬೂಸ್ಟರ್. ಒಂದು ಕಾಗೆ ಕೂತು ಎದ್ದರೆ ಸಾಕು, ಕೆಳಗೆ ಚಿತ್ರದ ಬದಲು ಬರೀ ಮಳೆ! ಒಬ್ಬ ಗಚ್ಚಿಯಲ್ಲಿ, ಒಬ್ಬ ಕಿಟಕಿಯಲ್ಲಿ, "ಬಂತಾ?" "ಇನ್ನೂ ಸ್ವಲ್ಪ ಎಡಕ್ಕೆ!" ಈ ಸಂಭಾಷಣೆ ಕೇಳದ ಹಳಬರು ಇಲ್ಲಿ ಯಾರೂ ಇರಲಿಕ್ಕಿಲ್ಲ.

ಬರುತ್ತಿದ್ದದ್ದು ಮರಾಠಿ, ಹಿಂದಿ, ಗುಜರಾತಿ. ರೈತರಿಗೆ 'ಆಮ್ಚಿ ಮಾತಿ ಆಮ್ಚಿ ಮಾಣಸಂ', ಸಿನಿಮಾ ಹಾಡಿಗೆ 'ಛಾಯಾಗೀತ್', ತಾರೆಯರ ಜೊತೆ ಮಾತಿಗೆ ತಬಸ್ಸುಮ್ ಅವರ ಕಾರ್ಯಕ್ರಮ. ಮುಂಬಯಿಯಲ್ಲಿ ಕನ್ನಡ ಪತ್ರಿಕೆಗಳಿದ್ದವು, ಕನ್ನಡ ಶಾಲೆಗಳಿದ್ದವು, ಸಂಘಗಳಿದ್ದವು, ಯಕ್ಷಗಾನ ನಾಟಕ ಎಲ್ಲಾ ಇದ್ದವು. ಟೀವಿಯಲ್ಲಿ ಮಾತ್ರ ಕನ್ನಡಕ್ಕೆ ಜಾಗ ಇರಲಿಲ್ಲ. ತಪ್ಪು ಅನ್ನುವಂತೆಯೂ ಇಲ್ಲ ಬಿಡಿ. ಇದ್ದದ್ದೇ ಒಂದು ಚಾನೆಲ್, ಅದು ಮಹಾರಾಷ್ಟ್ರದ್ದು.

ಇಲ್ಲೊಂದು ತಮಾಷೆ ನೋಡಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ಆಕಾಶವಾಣಿ ಸೇರಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ತೋರಿಸಿದವು. ಅದನ್ನು 'ಸೈಟ್' ಪ್ರಯೋಗ ಅಂತಾರೆ. ಕರ್ನಾಟಕದ ಪಾಲಿಗೆ ಬಂದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಯ ಹಳ್ಳಿಗಳು. ಕಾರ್ಯಕ್ರಮ ಕನ್ನಡದಲ್ಲಿ! ಕರೆಂಟಿಗೇ ಒದ್ದಾಡುವ ಹಳ್ಳಿಯವರು ಪಂಚಾಯ್ತಿ ಕಟ್ಟೆ ಮುಂದೆ ಕೂತು ಕನ್ನಡ ಟೀವಿ ನೋಡುವಾಗ, ಬೆಂಗಳೂರಿಗೆ ಟೀವಿಯೇ ಇರಲಿಲ್ಲ. ಅಲ್ಲಿ ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕೆ. ಮುಂಬಯಿ ಕನ್ನಡಿಗನಿಗೆ ಟೀವಿ ಇತ್ತು, ಕನ್ನಡ ಇರಲಿಲ್ಲ. ಬೆಂಗಳೂರಿನವನಿಗೆ ಕನ್ನಡ ಇತ್ತು, ಟೀವಿ ಇರಲಿಲ್ಲ. ಎರಡೂ ಒಟ್ಟಿಗೆ ಸಿಕ್ಕಿದ್ದು ರಾಯಚೂರಿನ ಕಡೆಯ ರೈತನಿಗೆ, ಅದೂ ಒಂದೇ ವರ್ಷ.

1982ರಲ್ಲಿ ಏಷ್ಯಾಡ್ ನೆಪದಲ್ಲಿ ಬಣ್ಣ ಬಂತು. ಟೀವಿಗೆ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟುವ ಪದ್ಧತಿ ಎಂಬತ್ತರ ದಶಕದ ಮಧ್ಯದಲ್ಲಿ ಹೋಯಿತು. 1984ರಲ್ಲಿ 'ಹಮ್ ಲೋಗ್', 1987ರ ಜನವರಿಯಿಂದ ರಾಮಾಯಣ. ಕನ್ನಡಿಗರು ಎದೆಯುಬ್ಬಿಸಿ ನೋಡಿದ್ದು ಶಂಕರ್‌ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್'. ಆಗುಂಬೆಯ ಬೀದಿ, ನಮ್ಮದೇ ನಟರು, ಮಾತು ಮಾತ್ರ ಹಿಂದಿ! ಕನ್ನಡ ಕೇಳಬೇಕಾದರೆ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಭಾಷೆಯ ಸಿನಿಮಾಕ್ಕೆ ಕಾಯಬೇಕು. ವಾರಕ್ಕೊಂದು ಭಾಷೆ. ನಮ್ಮ ಸರದಿ ಮತ್ತೆ ಬರಲು ತಿಂಗಳುಗಳೇ ಬೇಕು. ಬಂದ ದಿನ ಊಟ ಬೇಗ ಮುಗಿಸಿ ಕೂತರೆ ಅದೊಂದು ಪ್ರಶಸ್ತಿ ವಿಜೇತ ಚಿತ್ರ, ಹೀರೋ ಹತ್ತು ನಿಮಿಷ ಮಾತೇ ಆಡುವುದಿಲ್ಲ. ಆದರೂ ನೋಡುತ್ತಿದ್ದರು. ಕನ್ನಡ ಅಲ್ವಾ!

ತೊಂಬತ್ತರ ದಶಕದಲ್ಲಿ ಆಟ ಬದಲಾಯಿತು. 1991ರ ಕೊಲ್ಲಿ ಯುದ್ಧವನ್ನು ಸಿಎನ್‌ಎನ್ ತೋರಿಸಿತು, ಅದೇ ವರ್ಷ ಸ್ಟಾರ್ ಬಂತು, 1992ರ ಅಕ್ಟೋಬರ್‌ನಲ್ಲಿ ಝೀ. ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಬಟ್ಟೆ ಒಣಗಿಸುವ ಹಗ್ಗದಂತೆ ಕೇಬಲ್ ಹಾರಿತು. ಈಗ ಟೀವಿಯ ಯಜಮಾನ ಸರ್ಕಾರವಲ್ಲ, ಕೇಬಲ್‌ವಾಲಾ. 1994ರ ಜೂನ್ 1ಕ್ಕೆ ಉದಯ ಟೀವಿ ಶುರುವಾದಾಗ ಊರಿನಿಂದ ಬಂದವರೆಲ್ಲ ಅದರದ್ದೇ ಸುದ್ದಿ ಹೇಳುವವರು. ಇಲ್ಲಿ ಮಾತ್ರ ಇಲ್ಲ. ಕಾರಣ ಕೇಬಲ್‌ವಾಲಾನ ಹಗೆಯಲ್ಲ, ಬರೀ ಲೆಕ್ಕ. ಬೇರೆ ಉಪಗ್ರಹದ ಚಾನೆಲ್ ಹಿಡಿಯಲು ಬೇರೆ ಡಿಶ್ ಬೇಕು, ಬೇರೆ ರಿಸೀವರ್ ಬೇಕು. ಆಗಿನ ಎಷ್ಟೋ ಟೀವಿಗಳಲ್ಲಿ ಎಂಟೋ ಹನ್ನೆರಡೋ ಚಾನೆಲ್‌ಗೆ ಮಾತ್ರ ಜಾಗ. ಕನ್ನಡ ಬೇಕಾದರೆ ಯಾವುದೋ ಒಂದನ್ನು ತೆಗೆಯಬೇಕು. ಯಾರದನ್ನು ತೆಗೆಯುವುದು?

ನಮ್ಮ ಕೇಬಲ್‌ವಾಲಾ ಹೇಳಿದ, "ಸಾಬ್, ಪಚಾಸ್ ಘರ್ ಲಾವೋ." ಐವತ್ತು ಮನೆ! ಭಾನುವಾರ ನಾಲ್ಕೈದು ಜನ ಪಟ್ಟಿ ಹಿಡಿದು ಹೊರಟೆವು. ಆಗಲೇ ಗೊತ್ತಾದದ್ದು ಎದುರು ಬಿಲ್ಡಿಂಗಿನ ಶೆಟ್ಟರ ಮನೆ, ಹಿಂದಿನ ಗಲ್ಲಿಯ ವಿಜಾಪುರದ ಕುಟುಂಬ, ಮನೆಯಲ್ಲಿ ತುಳು, ಕೊಂಕಣಿ ಆಡಿಕೊಂಡು ಕನ್ನಡ ಓದುವವರು, ವರ್ಷಗಟ್ಟಲೆ ಒಂದೇ ಲೋಕಲ್‌ನಲ್ಲಿ ಮರಾಠಿಯಲ್ಲೇ ಮಾತಾಡಿಕೊಂಡು ಬಂದ ಇಬ್ಬರು ಕನ್ನಡಿಗರು. ಐವತ್ತು ತುಂಬಲಿಲ್ಲ. ಸನ್ ಟೀವಿ ಬೇಕೆಂದ ತಮಿಳರು, ಏಷ್ಯಾನೆಟ್ ಬೇಕೆಂದ ಮಲಯಾಳಿಗಳು ಸೇರಿದ ಮೇಲೆ ತುಂಬಿತು. ಕಾವೇರಿ ನೀರಿಗೆ ಆಗದ ಒಪ್ಪಂದ ಡಿಶ್ಶಿಗೆ ಆಯಿತು ಅಂತ ಒಬ್ಬರು ನಕ್ಕಿದ್ದರು. ಆ ಪಟ್ಟಿಯವರಲ್ಲಿ ಹಲವರ ಮನೆಯ ಮದುವೆ ಮುಂಜಿಗೆ ಇವತ್ತಿಗೂ ಹೋಗಿ ಬರುತ್ತೇನೆ.

ಆಮೇಲೆ 2000ದ ಡಿಸೆಂಬರ್‌ನಲ್ಲಿ ಈಟೀವಿ ಕನ್ನಡ (2015ರಿಂದ ಅದು ಕಲರ್ಸ್ ಕನ್ನಡ), 2006ರಲ್ಲಿ ಝೀ ಕನ್ನಡ, 2007ರಲ್ಲಿ ಸುವರ್ಣ. ಅತ್ತ 2003ರಲ್ಲಿ ಡಿಶ್ ಟೀವಿ, 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಡಿಟಿಎಚ್, 2006ರಲ್ಲಿ ಟಾಟಾ ಸ್ಕೈ. ಪಟ್ಟಿ ಹಿಡಿದು ಓಡಾಡುವ ಕೆಲಸ ಇಲ್ಲಿಗೆ ಮುಗಿಯಿತು. ಕಿಟಕಿಗೆ ಸ್ವಂತದ ತಟ್ಟೆ ಹಾಕಿಸಿದರೆ ಕನ್ನಡ ಬಂತು. ಕೇಬಲ್ ಡಿಜಿಟಲ್ ಆದದ್ದು ಮುಂಬಯಿಯಲ್ಲಿ 2012ರ ಅಕ್ಟೋಬರ್ ಕೊನೆಗೆ. ಥಾಣೆ, ನವಿಮುಂಬಯಿ, ಕಲ್ಯಾಣ್–ಡೊಂಬಿವಲಿಗಳು ಎರಡನೇ ಹಂತದಲ್ಲಿದ್ದವು, ಗಡುವು 2013ರ ಮಾರ್ಚ್ 31. ಆದರೆ 'ಮಹಾರಾಷ್ಟ್ರ ಪ್ಯಾಕ್' ತಗೊಂಡವನಿಗೆ ಕನ್ನಡಕ್ಕೆ ಬೇರೆ ಪ್ಯಾಕ್, ಬೇರೆ ದುಡ್ಡು. 2019ರ ಫೆಬ್ರವರಿ 1ರಿಂದ ಟ್ರಾಯ್ ನಿಯಮ ಬದಲಿಸಿತು. ನೂರು ಚಾನೆಲ್‌ಗೆ ನೆಟ್‌ವರ್ಕ್ ಶುಲ್ಕ 130 ರೂಪಾಯಿ, 18% ಜಿಎಸ್‌ಟಿ ಸೇರಿ 153.40. ಅದರ ಮೇಲೆ ಬೇಕಾದ ಚಾನೆಲ್ ಬಿಡಿಬಿಡಿಯಾಗಿ. 19 ರೂಪಾಯಿಯ ಒಂದು ಚಾನೆಲ್‌ಗೆ ತೆರಿಗೆ ಸೇರಿ 22.42. ಪರಊರಿನ ಕನ್ನಡಿಗನ ಪಾಲಿಗೆ ಇದು ದೊಡ್ಡ ಬದಲಾವಣೆ. ಮೊದಲ ಸಲ ತನ್ನ ಭಾಷೆಯ ಬೆಲೆ ಅವನಿಗೆ ಪೈಸೆ ಲೆಕ್ಕದಲ್ಲಿ ಗೊತ್ತಾಯಿತು!

ಅಷ್ಟರಲ್ಲಿ ಸ್ಮಾರ್ಟ್ ಟೀವಿ ಬಂದಾಗಿತ್ತು. 2018ರ ಫೆಬ್ರವರಿಯಲ್ಲಿ ಶಿಯೋಮಿ 55 ಇಂಚಿನ ಟೀವಿಯನ್ನು 39,999 ರೂಪಾಯಿಗೆ ಇಳಿಸಿದ ಮೇಲೆ ದೊಡ್ಡ ಪರದೆ ಮಧ್ಯಮ ವರ್ಗದ ಮಾತಾಯಿತು. 32 ಇಂಚಿಗಿಂತ ದೊಡ್ಡದಕ್ಕೆ 28% ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ. ತೆರಿಗೆ ಬಿಟ್ಟು 50,000 ಇರುವ ಟೀವಿ ಮೊದಲು 64,000, ಈಗ 59,000.

ಇನ್ನು ಕೇಳುವವರಿಗೆ ನಾನು ಹೇಳುವ ನಾಲ್ಕು ಮಾತು. ಮೊದಲು ಟೇಪ್ ಹಿಡಿದು ಸೋಫಾದಿಂದ ಗೋಡೆಗೆ ಎಷ್ಟು ಅಂತ ಅಳೆಯಿರಿ. ಪರದೆಯ ಕರ್ಣದ ಒಂದೂವರೆ ಪಟ್ಟು ದೂರ ಇದ್ದರೆ ಹಿತ. 55 ಇಂಚಿಗೆ ಸುಮಾರು ಏಳು ಅಡಿ, 43ಕ್ಕೆ ಐದೂವರೆ. 55 ಇಂಚು ಅಂದರೆ ಅಗಲ ನಾಲ್ಕು ಅಡಿ. ಡೊಂಬಿವಲಿಯ ಹಳೇ ಫ್ಲ್ಯಾಟಿನ ಹಾಲ್‌ನಲ್ಲಿ ದೇವರ ಮಂಟಪವನ್ನೂ ಶೋಕೇಸನ್ನೂ ಸರಿಸದೆ ಅದು ಕೂರುತ್ತದೆಯೇ ನೋಡಿಕೊಳ್ಳಿ. ಎರಡನೆಯದು ದನಿ. ತೆಳ್ಳಗಿನ ಟೀವಿಯಲ್ಲಿ ಸ್ಪೀಕರಿಗೂ ಜಾಗ ಕಡಿಮೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇಂಚು ಇಳಿಸಿ, ಉಳಿದ ದುಡ್ಡಿಗೆ ಸೌಂಡ್‌ಬಾರ್ ತನ್ನಿ. ಮೂರನೆಯದು 'ನೋ ಕಾಸ್ಟ್ ಇಎಂಐ'. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಬಡ್ಡಿಯಷ್ಟು ರಿಯಾಯಿತಿ ಕೊಟ್ಟು ಲೆಕ್ಕ ಸರಿಮಾಡುತ್ತಾರೆ ಅಷ್ಟೆ. ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲೆ ಜಿಎಸ್‌ಟಿ ಬೀಳುತ್ತದೆ. ನಗದು ಕೊಟ್ಟರೆ ಎಷ್ಟು ಬಿಡ್ತೀರಿ ಅಂತ ಕೇಳಿ ನೋಡಿ. ನಾಲ್ಕನೆಯದು, ಗಾಜಿಗಿಂತ ಮೊದಲು ಮುದಿಯಾಗುವುದು ಒಳಗಿನ ಸಾಫ್ಟ್‌ವೇರ್. ಅದು ನಿಧಾನವಾದಾಗ ಟೀವಿ ಬದಲಿಸಬೇಕಿಲ್ಲ, ಹಿಂದೆ ಒಂದು ಸ್ಟಿಕ್ ಚುಚ್ಚಿದರೆ ನಡೆಯುತ್ತದೆ.

ಈಗ ಮೊದಲಿನ ಪ್ರಶ್ನೆ. ಇವತ್ತು ತೀರ್ಮಾನ ಯಾರದು? ಸರ್ಕಾರದ್ದಲ್ಲ, ಕೇಬಲ್‌ವಾಲಾನದ್ದೂ ಅಲ್ಲ. ನೀವು ನೋಡಿದ್ದನ್ನು ನೋಡಿಕೊಂಡು ಟೀವಿಯೇ ಮುಂದಿನದನ್ನು ಎದುರಿಗಿಡುತ್ತದೆ. ಈ ನಿಗಾ ಸಣ್ಣದಲ್ಲ. ಅಮೆರಿಕದಲ್ಲಿ ವಿಜಿಯೊ ಕಂಪನಿ ಸುಮಾರು 1.1 ಕೋಟಿ ಟೀವಿಗಳಲ್ಲಿ ಜನ ಏನು ನೋಡುತ್ತಾರೆಂಬುದನ್ನು ಅವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪಕ್ಕೆ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿತು. ನಿಮ್ಮ ಟೀವಿಯ ಸೆಟ್ಟಿಂಗ್ಸ್‌ನಲ್ಲಿ ಅಂಥದ್ದು ಇದ್ದರೆ ಆಫ್ ಮಾಡಿಡಿ. ಆದರೆ ಭಾಷೆಯ ಮಟ್ಟಿಗೆ ಈ ಯಂತ್ರಕ್ಕೆ ಪಕ್ಷಪಾತವಿಲ್ಲ. ಮನೆಯವರು ಹಿಂದಿ ನೋಡಿದರೆ ಹಿಂದಿ ತೋರಿಸುತ್ತದೆ, ಕನ್ನಡ ನೋಡಿದರೆ ಕನ್ನಡ. ಐವತ್ತು ಮನೆ ಬೇಡ, ಒಂದು ಮನೆ ಸಾಕು.

ಕಷ್ಟ ಇರುವುದೇ ಇಲ್ಲಿ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಬಿದ್ದದ್ದು ಎಷ್ಟೋ ಸಲ ಅಪ್ಪ ಅಮ್ಮ ಹಠ ಮಾಡಿ ಹಾಕಿದ ಚಾನೆಲ್‌ನಿಂದ. ಇದ್ದದ್ದು ಒಂದೇ ಟೀವಿ, ಹಾಗಾಗಿ ಬೇಡವೆಂದರೂ ಕೇಳಿಸುತ್ತಿತ್ತು. ಈಗ ಹಾಲ್‌ನಲ್ಲಿ ದೊಡ್ಡ ಟೀವಿ, ಪ್ರತಿಯೊಬ್ಬರ ಕೈಯಲ್ಲಿ ಸಣ್ಣದು. ಟೀವಿಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ಪ್ರೊಫೈಲ್. ಅಜ್ಜಿಯ ಧಾರಾವಾಹಿ ಮೊಮ್ಮಗಳ ಕಿವಿಗೆ ಬೀಳುವುದೇ ಇಲ್ಲ. ಕನ್ನಡ ಸಿಗದಿದ್ದ ಕಾಲದಲ್ಲಿ ಹುಡುಕಿಕೊಂಡು ಹೋದ ನಾವು, ಕೈಯಳತೆಯಲ್ಲಿ ಸಿಗುವಾಗ ಸುಮ್ಮನಿದ್ದೇವೆ.

ಹಾಗಾಗಿ ಹೊಸ ಟೀವಿ ಗೋಡೆಗೆ ಹಾಕುವವರಿಗೆ ಐದನೆಯ ಮಾತೊಂದನ್ನು ಸೇರಿಸುತ್ತೇನೆ. ಅಂಗಡಿಯವನ ಹುಡುಗ ಟೀವಿ ಜೋಡಿಸಿ ಹೋದ ಮೇಲೆ, ದಿನಕ್ಕೆ ಅರ್ಧ ಗಂಟೆ, ರಾತ್ರಿ ಊಟದ ಹೊತ್ತಿಗೆ, ಎಲ್ಲರೂ ಇರುವಾಗ ದೊಡ್ಡ ಪರದೆಯಲ್ಲಿ ಏನಾದರೂ ಕನ್ನಡದ್ದು ಹಾಕಿ. 'ಥಟ್ ಅಂತ ಹೇಳಿ' ಆಗಬಹುದು, ಯಕ್ಷಗಾನ ಆಗಬಹುದು, ಹಳೇ ರಾಜ್‌ಕುಮಾರ್ ಸಿನಿಮಾದ ಒಂದು ತುಂಡು ಆಗಬಹುದು. ಮಕ್ಕಳು ಮೊಬೈಲ್ ನೋಡುತ್ತಾ ಕೂತರೂ ಪರವಾಗಿಲ್ಲ, ಕಿವಿ ತೆರೆದೇ ಇರುತ್ತದೆ.