ತೋಡಿನ ನೀರಿಗೆ ಲೆಕ್ಕ ಹಿಡಿದವರು

1801ನೆಯ ಇಸವಿಯ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿ ಸರಕಾರದ ಆಣತಿಯಂತೆ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ಹಾದು ಉತ್ತರಕ್ಕೆ ಪಯಣಿಸಿದನು. ಕಂಡದ್ದನ್ನು ಬರೆದಿಟ್ಟನು, ಆ ಬರಹ 1807ರಲ್ಲಿ ಅಚ್ಚಾಯಿತು. ಆದರೆ ಅವನು ಬಂದದ್ದು ಬಿಸಿಲಿನ ದಿನಗಳಲ್ಲಿ. ಆಸಾಡಿಯಲ್ಲಿ ಬಂದಿದ್ದರೆ ನಮ್ಮ ಹೊಳೆಗಳ ಬೇರೆಯೇ ಮುಖವನ್ನು ಕಾಣುತ್ತಿದ್ದನು.

ಸೌಪರ್ಣಿಕೆ, ವಾರಾಹಿ, ಚಕ್ರಾ ಮೊದಲಾದವು ಕೂಡಿ ಗಂಗೊಳ್ಳಿಯಲ್ಲಿ ಕಡಲು ಸೇರುವುದನ್ನು ತಾವು ಬಲ್ಲಿರಿ. ನಾನು ಹೇಳಹೊರಟಿರುವುದು ಆ ದೊಡ್ಡ ಹೊಳೆಗಳ ಮಾತಲ್ಲ. ತಮ್ಮ ಮನೆಯ ಹಿತ್ತಲಿನಾಚೆ ಹರಿಯುವ ತೋಡಿನ ಮಾತು. ಬೇಸಗೆಯಲ್ಲಿ ಮಕ್ಕಳು ದಾಟುವ ಈ ತೋಡು ಜಡಿಮಳೆಯಲ್ಲಿ ಎಷ್ಟು ನೀರು ಹೊತ್ತೀತು? ಮೋರಿ ಕಟ್ಟುವವನು ಇದನ್ನು ಮೊದಲೇ ತಿಳಿಯಬೇಕು.

ಐರ್ಲೆಂಡಿನ ಮಲ್ವನಿ ಎಂಬ ಇಂಜಿನಿಯರು 1851ರಲ್ಲಿ ಇದಕ್ಕೊಂದು ಸುಲಭ ದಾರಿ ತೋರಿದನು. ಮಳೆಯ ಬಿರುಸು, ನೀರು ಹರಿದು ಬರುವ ನೆಲದ ವಿಸ್ತಾರ, ಅದರಲ್ಲಿ ಇಂಗದೆ ಹರಿಯುವ ಪಾಲು, ಈ ಮೂರನ್ನೂ ಗುಣಿಸಿದರೆ ಆಯಿತು. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಗಂಟೆಗೆ 60 ಮಿಲಿಮೀಟರ್ ಮಳೆ ಸುರಿಯಿತೆನ್ನಿ. ಹಾಡಿ, ಗದ್ದೆ ಇದ್ದು ಅರ್ಧ ನೀರು ಹರಿದರೆ ಸೆಕೆಂಡಿಗೆ ಸುಮಾರು 8 ಘನ ಮೀಟರ್. ಅದೇ ನೆಲ ಕಾಂಕ್ರೀಟು, ಡಾಂಬರು, ಹೆಂಚುಗಳಿಂದ ಮುಚ್ಚಿ ಹತ್ತರಲ್ಲಿ ಎಂಟು ಪಾಲು ಹರಿದರೆ 13ಕ್ಕೂ ಮೇಲು. ಮಳೆ ಹೆಚ್ಚಲಿಲ್ಲ, ತೋಡು ಮಾತ್ರ ಉಕ್ಕಿತು. ಗದ್ದೆಗೆ ಮಣ್ಣು ತುಂಬಿ ನಿವೇಶನ ಮಾಡುವಾಗ ನಾವು ಮರೆಯುವ ಲೆಕ್ಕ ಇದು.

ಇನ್ನು ನಮ್ಮ ಸೀಮೆಯ ಕತೆ ವಿಚಿತ್ರವಾದುದು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋಯಿತು. ಕುಂದಾಪುರ ತಾಲೂಕು ಮದರಾಸಿನಲ್ಲೇ ಉಳಿಯಿತು. ಮದರಾಸಿನ ಕಡೆ 1884ರಲ್ಲಿ ರೈವ್ಸ್ ಎಂಬವನ ಸೂತ್ರ ಬಂದಿತು. ನೆಲದ ವಿಸ್ತಾರದ ಮೂರರಲ್ಲೆರಡು ಘಾತವನ್ನು ಒಂದು ಗುಣಕದಿಂದ ಗುಣಿಸುವುದು ಅದರ ಕ್ರಮ. ಇಂದಿನ ಮಾನದಲ್ಲಿ ಹೇಳುವುದಾದರೆ, ಪೂರ್ವ ಕರಾವಳಿಯಿಂದ 80 ಕಿಲೋಮೀಟರ್ ಒಳಗಾದರೆ ಗುಣಕ 6.8; ಅದರಾಚೆ 160ರವರೆಗೆ 8.5, ಬೆಟ್ಟಗಳ ಬಳಿಯ ಕಿರಿದಾದ ಜಾಗಗಳಿಗೆ 10.2. ಗಮನಿಸಿದಿರಾ, ಅಳತೆಯೆಲ್ಲ ಪೂರ್ವದ ಕಡಲಿನಿಂದ! ನಾವೋ ಪಡುಗಡಲಿನ ಮಕ್ಕಳು. ನಮ್ಮ ನೆತ್ತಿಯ ಮೇಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ.

ಎಂಟು ಚದರ ಕಿಲೋಮೀಟರಿನ ಒಂದು ತೋಡಿಗೆ ರೈವ್ಸನ ದೊಡ್ಡ ಗುಣಕವನ್ನೇ ಹಿಡಿದರೂ ಸೆಕೆಂಡಿಗೆ ಬರುವುದು 41 ಘನ ಮೀಟರ್. ಮುಂಬಯಿ ಪ್ರಾಂತದ ಸಹ್ಯಾದ್ರಿ ಹೊಳೆಗಳನ್ನು ನೋಡಿ 1930ರಲ್ಲಿ ಇಂಗ್ಲಿಸ್ ಮಾಡಿದ ಸೂತ್ರವನ್ನು ಅದೇ ತೋಡಿಗೆ ಹಚ್ಚಿದರೆ 231! ಘಟ್ಟದ ಕಡಿದಾದ ಇಳುಕಲಿಗೆ ಹುಟ್ಟಿದ ಸೂತ್ರವು ಬಯಲಿನ ತೋಡಿಗೆ ಹಾಗೆಯೇ ಒಪ್ಪದು, ನಿಜ. ಆದರೂ ಒಂದೇ ನೀರಿಗೆ ಐದು ಪಟ್ಟಿಗೂ ಮಿಕ್ಕ ಅಂತರವಿರುವಾಗ, ಸೂತ್ರ ಎಲ್ಲಿ ಹುಟ್ಟಿತೆಂದು ಕೇಳದೆ ಬಳಸುವುದು ಸಂದರ್ಭವರಿಯದೆ ಶ್ಲೋಕಕ್ಕೆ ಅರ್ಥ ಹೇಳಿದಂತೆಯೇ ಸರಿ.

ಈ ಮೂರು ಸೂತ್ರಗಳಲ್ಲಿಯೂ ಕಾಣದ ಸಂಗತಿಯೊಂದುಂಟು: ಕಡಲಿನ ಉಬ್ಬರ, ನಮ್ಮವರ ಮಾತಿನ ಭರ್ತ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಅಳಿವೆಯ ನೀರು ಏರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇನ್ನೂ ಹೆಚ್ಚು. ಘಟ್ಟದ ನೀರು ಬರುವ ಹೊತ್ತಿಗೇ ಭರ್ತ ಬಂದರೆ ತೋಡಿಗೆ ಬಾಗಿಲು ಹಾಕಿದಂತಾಗುತ್ತದೆ. ಮೋರಿ ಎಷ್ಟು ಅಗಲವಿದ್ದರೇನು, ನೀರು ಹಿಂದಕ್ಕೇ ಸರಿದು ಅಂಗಳ ಹೊಗುತ್ತದೆ.

2020ರ ಸೆಪ್ಟೆಂಬರ್ 20ರಂದು ಉಡುಪಿಯ ಪೇಟೆಯೊಳಗಿನ ಇಂದ್ರಾಣಿ ತೋಡು ಉಕ್ಕಿದುದನ್ನೂ, ಬ್ರಹ್ಮಾವರದ ಕಡೆ ತಗ್ಗಿನ ಮನೆಗಳವರನ್ನು ದೋಣಿಯಲ್ಲಿ ಸಾಗಿಸಿದುದನ್ನೂ ತಾವು ಮರೆತಿರಲಾರಿರಿ. ಅದಾದ ಮೇಲೆ "ಇಂಥ ನೆರೆ ನೂರು ವರ್ಷಕ್ಕೊಮ್ಮೆ, ಇನ್ನು ಹೆದರಿಕೆಯಿಲ್ಲ" ಎಂದವರುಂಟು. ಆ ಮಾತಿನ ಅರ್ಥ ಹಾಗಲ್ಲ. ನೂರು ವರ್ಷದ ನೆರೆಯೆಂದರೆ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಬರಬಹುದಾದ ನೆರೆ. ತಾವು ಮನೆ ಕಟ್ಟಿ 30 ವರ್ಷ ಬಾಳಿದರೆ, ಅಷ್ಟರಲ್ಲಿ ಒಮ್ಮೆಯಾದರೂ ಅದನ್ನು ಕಾಣುವ ಸಂಭವ ನೂರಕ್ಕೆ 26. ನೇತ್ರಾವತಿಯ ತೀರದವರು 1923ರ ನೆರೆಯ ಕತೆ ಹೇಳುತ್ತಿರುವಾಗಲೇ 1974 ಬಂದಿತ್ತು.

ತೋಡಿನ ಬದಿ ಜಾಗ ಕೊಳ್ಳುವಿರಾದರೆ ಪಕ್ಕದ ಮನೆಯ ಅಜ್ಜಿಯೊಡನೆ ಅರ್ಧ ಗಂಟೆ ಕುಳಿತುಕೊಳ್ಳಿ. ನೆರೆ ಜಗಲಿಯ ಯಾವ ಮೆಟ್ಟಿಲಿಗೆ ಬಂದಿತ್ತು, ಯಾವ ವರ್ಷ, ಆಗ ಆಚೆಯ ಬೈಲು ಗದ್ದೆಯಾಗಿತ್ತೆ ಎಂದು ಕೇಳಿ ಬರೆದುಕೊಳ್ಳಿ. ಮತ್ತೆ ಆಸಾಡಿ ಅಮಾವಾಸ್ಯೆಯ ಭರ್ತದ ಹೊತ್ತಿಗೆ ಕೊಡೆ ಹಿಡಿದು ಹೋಗಿ, ಮೋರಿಯ ಬಾಯಲ್ಲಿ ನೀರು ಯಾವ ಕಡೆಗೆ ಹರಿಯುತ್ತಿದೆಯೆಂದು ನೋಡಿ ಬನ್ನಿ.