ಕಾಳುಮೆಣಸಿನ ರಾಣಿ ಮತ್ತು ನನ್ನದೊಂದು ವಾಕ್ಯ

ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯ ಮುಂದೆ ಸಾಗದೆ ನಿಂತಿದ್ದಾಗ ಗೆಳೆಯರೊಂದಿಗೆ ಎರಡು ದಿನ ಹೊನ್ನಾವರಕ್ಕೆ ಹೋಗಿದ್ದೆ. ಎಲ್ಲ ಪ್ರವಾಸಿಗರಂತೆ ನಾವೂ ಶರಾವತಿಯಲ್ಲಿ ದೋಣಿ ಹತ್ತಿದೆವು. ಕಾಂಡ್ಲಾ ಗಿಡಗಳ ನಡುವೆ ನುಸುಳಿ, ಕೊಂಕಣ ರೈಲ್ವೆಯ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೋರಿಸಿದ ಮೇಲೆ ದೋಣಿಯವರು ಎಂಜಿನ್ ನಿಲ್ಲಿಸಿ ಕತೆ ಶುರುಮಾಡಿದರು. “ಕಾಳುಮೆಣಸಿನ ರಾಣಿ ಗೊತ್ತಲ್ಲ? ಪರದೇಶಿ ಒಬ್ಬನನ್ನ ಪ್ರೀತಿಸಿ ರಾಜ್ಯ ಕಳಕೊಂಡಳು.”

ನನಗೆ ಮುಜುಗರವಾಯಿತು. ಹೆಚ್ಚುಕಡಿಮೆ ಇದೇ ವಾಕ್ಯವನ್ನು ನಾನೂ ಪ್ರಬಂಧದಲ್ಲಿ ಬರೆದಿದ್ದೆ.

ಹೊನ್ನಾವರ ಬಹಳ ಹಳೆಯ ಬಂದರು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಬಂದರಿನ ಬದುಕಿಗೆ ಆಧಾರ ಈ ಹೊಳೆ. ಘಟ್ಟದ ಕಾಳುಮೆಣಸು ಸುಮಾರು 30 ಕಿಲೋಮೀಟರ್ ಮೇಲಿನ ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯಲ್ಲಿ ಅಳಿವೆಗೆ ಬಂದು, ಮಳೆಗಾಲ ಮುಗಿದ ಮೇಲೆ ಕಡಲಿಗೆ ಇಳಿಯುತ್ತಿತ್ತು. 16ನೇ ಶತಮಾನದ ಉತ್ತರಾರ್ಧದಲ್ಲಿ ಈ ದಾರಿಯನ್ನು ಆಳಿದವಳು ಗೇರುಸೊಪ್ಪೆಯ ಚೆನ್ನಭೈರಾದೇವಿ. ‘ಕಾಳುಮೆಣಸಿನ ರಾಣಿ’ ಎಂಬುದು ಪೋರ್ಚುಗೀಸರು ಇಟ್ಟ ಹೆಸರು. ಮೆಣಸು ಕೊಳ್ಳಲು ಬಂದು, ದರ ಹೊಂದದಿದ್ದಾಗ ಫಿರಂಗಿ ಹಾರಿಸುತ್ತಿದ್ದವರು ಅವರು. 1569ರಲ್ಲಿ ಹೊನ್ನಾವರದ ಮೇಲೂ ದಾಳಿ ಮಾಡಿದರು.

ಹಾಗಾದರೆ ಪ್ರೇಮದ ಕತೆ ಎಲ್ಲಿಂದ ಬಂತು? ಅದನ್ನು ಬರೆದಿಟ್ಟವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ. 1623ರ ಅಕ್ಟೋಬರಿನಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ಇದೇ ಹೊಳೆಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋದ. ಹೊಳೆಯ ಚೆಲುವಿಗೆ ಮನಸೋತವನಿಗೆ ಊರು ಹಾಳುಬಿದ್ದು ಅರಮನೆಯ ಮೇಲೆ ಮರ ಬೆಳೆದದ್ದು ಕಾಣಿಸಿತು. ಇಲ್ಲಿನ ಕೊನೆಯ ರಾಣಿ ಕೀಳು ಕುಲದ ಪರಕೀಯನೊಬ್ಬನಿಗೆ ಮನಸ್ಸನ್ನೂ ಅಧಿಕಾರವನ್ನೂ ಕೊಟ್ಟಳು, ಅವನು ತಿರುಗಿಬಿದ್ದ, ಕೊನೆಗೆ ರಾಜ್ಯ ಇಕ್ಕೇರಿಯ ವೆಂಕಟಪ್ಪ ನಾಯಕನ ಪಾಲಾಯಿತು ಎಂದು ನೇಪಲ್ಸಿನ ಗೆಳೆಯನಿಗೆ ಕಾಗದ ಬರೆದ.

ಇದು ಅವನು ಕಣ್ಣಾರೆ ಕಂಡದ್ದಲ್ಲ, ಕೇಳಿದ್ದು. ಯಾರಿಂದ ಕೇಳಿದ ಎಂದು ಯೋಚಿಸಬೇಕು. ಅವನು ಹೊರಟಿದ್ದು ಇಕ್ಕೇರಿಗೆ ಹೋಗುತ್ತಿದ್ದ ಪೋರ್ಚುಗೀಸ್ ರಾಯಭಾರಿಯ ತಂಡದಲ್ಲಿ. ವೆಂಕಟಪ್ಪ ನಾಯಕನ ರಾಯಭಾರಿಯೂ ಅದೇ ದಾರಿಯಲ್ಲಿ ಮರಳುತ್ತಿದ್ದ. ಅಂದರೆ ಅವನ ಸುತ್ತ ಇದ್ದವರು ಮೆಣಸು ಕೊಂಡವರು ಮತ್ತು ರಾಜ್ಯ ಗೆದ್ದವರು. ಮೆಣಸಿನ ನಾಡು ಯಾಕೆ ಬಿತ್ತು ಎನ್ನುವುದಕ್ಕೆ ಈ ಇಬ್ಬರಿಗೂ ಒಪ್ಪುವ ಕಾರಣ ಒಂದೇ: ರಾಣಿಯ ಚಂಚಲ ಮನಸ್ಸು. ಬಂದರಿನ ಆದಾಯದ ಮೇಲೆ ಇಕ್ಕೇರಿಗಿದ್ದ ಕಣ್ಣಾಗಲಿ, ಪೋರ್ಚುಗೀಸರ ಫಿರಂಗಿಯಾಗಲಿ ಈ ಕತೆಯಲ್ಲಿ ಕಾರಣವಾಗುವುದಿಲ್ಲ.

ದೋಣಿಯಲ್ಲಿದ್ದ ಗೆಳತಿ ಇದಾವುದನ್ನೂ ಓದಿದವಳಲ್ಲ. ಅವಳು ಕೇಳಿದ್ದು ಇಷ್ಟೇ: “ರಾಜ ಸೋತರೆ ಯುದ್ಧದಲ್ಲಿ ಸೋತ ಅಂತೀರಿ. ರಾಣಿ ಸೋತರೆ ಪ್ರೇಮದಲ್ಲಿ ಸೋತಳು ಅಂತ ಯಾಕೆ?” ದೋಣಿಯವರು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ರಸ್ತೆಯಲ್ಲಿ ಗೇರುಸೊಪ್ಪೆಗೆ ಹೋಗಿ, ಕಾಡಿನೊಳಗಿನ ಚತುರ್ಮುಖ ಬಸದಿ ನೋಡಿದೆವು. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಲ್ಲಿ ನಿಂತೆವೋ ಆ ದಿಕ್ಕಿನ ತೀರ್ಥಂಕರರೇ ಮೊದಲು ಕಾಣುತ್ತಾರೆ. ನಾನು ಗೇರುಸೊಪ್ಪೆಯನ್ನು ಇಷ್ಟು ದಿನ ಒಂದೇ ಬಾಗಿಲಿಂದ ನೋಡಿದ್ದೆ, ಅದೂ ದೆಲ್ಲಾ ವಾಲೆ ತೆರೆದ ಬಾಗಿಲಿಂದ.

ಊರಿಗೆ ಬಂದು ಆ ವಾಕ್ಯ ತಿದ್ದಿದೆ. ಕತೆಯನ್ನು ಪೂರ್ತಿ ತೆಗೆದುಹಾಕಲಿಲ್ಲ. ಅದೂ ಒಂದು ದಾಖಲೆಯೇ. ಅದನ್ನು ಯಾರು, ಯಾವಾಗ, ಯಾರ ಜೊತೆ ಪ್ರಯಾಣ ಮಾಡುತ್ತ ಬರೆದರು ಎಂಬುದನ್ನು ಮುಂದೆ ಸೇರಿಸಿದೆ. ಒಂದು ಸಾಲು ಇದ್ದದ್ದು ಎರಡು ಪುಟವಾಯಿತು.